ಚಳ್ಳಕೆರೆಯ ಶೇಂಗಾ ಲೆಕ್ಕ: ಅಂಗಡಿಗೆ ಹೋದಾಗ ಪ್ಯಾಕೆಟ್‌ನ ಬೆಲೆ ನೋಡಬೇಡಿ, ಕೆಜಿಯ ಬೆಲೆ ನೋಡಿ

"ಅಂಗಡಿಯ ಪ್ಯಾಕೆಟ್ ಎಣ್ಣೆ ಎಲ್ಲಾ ನಕಲಿ. ಶುದ್ಧ ಗಾಣದ ಶೇಂಗಾ ಎಣ್ಣೆ ಅರ್ಧ ಬೆಲೆಗೆ ಸಿಗುತ್ತೆ. ನಿಮ್ಮ ಎಣ್ಣೆಯನ್ನು ಫ್ರಿಜ್‌ನಲ್ಲಿಟ್ಟು ನೋಡಿ, ಗಟ್ಟಿಯಾದರೆ ಅದು ಅಸಲಿ ಅಲ್ಲ. ತಪ್ಪದೇ ಎಲ್ಲರಿಗೂ ಕಳಿಸಿ."

ಇಂಥದ್ದೊಂದು ಮೆಸೇಜು ನಿಮ್ಮ ಮನೆಯ ವಾಟ್ಸ್ಯಾಪ್ ಗ್ರೂಪಿಗೂ ಬಂದಿರಬಹುದು. ನಮಗೂ ಬರುತ್ತಿರುತ್ತವೆ. ಇವುಗಳ ಜೊತೆಗೇ ಇನ್ನೊಂದು ಬಗೆಯ ಸಲಹೆಗಳು ಬರುತ್ತವೆ: "ದೊಡ್ಡ ಪ್ಯಾಕ್ ತಗೊಳ್ಳಿ, ದುಡ್ಡು ಉಳಿಯುತ್ತೆ", "ಒಂದು ಕೆಜಿ ಅಕ್ಕಿ ಫ್ರೀ ಇರೋ ಮೂಟೆ ತಗೊಳ್ಳಿ", "ಈ ಲಿಂಕ್ ಒತ್ತಿದರೆ ದಿನಸಿ ಕೂಪನ್". ಇವುಗಳಲ್ಲಿ ನಿಜ ಯಾವುದು, ಸುಳ್ಳು ಯಾವುದು? ಇದನ್ನು ತಿಳಿಯಲು ನಾವು ನಮ್ಮ ಮನೆಗಳ ತಿಂಗಳ ದಿನಸಿ ಚೀಟಿಗಳನ್ನು ಹರಡಿಕೊಂಡು ಕುಳಿತೆವು. ಮೊದಲ ಪೆಟ್ಟು ನಮಗೇ ಬಿತ್ತು. ಒಂದು ಲೀಟರ್ ಎಂದುಕೊಂಡು ತಿಂಗಳುಗಟ್ಟಲೆ ಕೊಂಡಿದ್ದ ಎಣ್ಣೆ ಪೌಚಿನ ಮೇಲೆ ಸಣ್ಣ ಅಕ್ಷರದಲ್ಲಿ 850 ಗ್ರಾಂ ಎಂದಿತ್ತು. ಅದು ಮುಚ್ಚಿಟ್ಟ ವಿಷಯವಾಗಿರಲಿಲ್ಲ. ನಾವೇ ಓದಿರಲಿಲ್ಲ.

ಆದ್ದರಿಂದ ಈ ಬರಹದಲ್ಲಿ ಒಂದೇ ಒಂದು ಲೆಕ್ಕವನ್ನು ಹೇಳುತ್ತೇವೆ. ಇದು ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರಿಗೆ ಹೊಸದೇನಲ್ಲ. ಮಂಡಿಯಲ್ಲಿ ಮಾರುವಾಗ ಚೆನ್ನಾಗಿ ಗೊತ್ತಿರುವ ಲೆಕ್ಕವನ್ನು ಅಂಗಡಿಯಲ್ಲಿ ಕೊಳ್ಳುವಾಗ ಮರೆತುಬಿಡುತ್ತೇವೆ, ಅಷ್ಟೆ.

ಮಂಡಿಯಲ್ಲಿ ಚೀಲ ನೋಡಿ ಬೆಲೆ ಕಟ್ಟುವುದಿಲ್ಲ

ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳು ಮಳೆ ಕಡಿಮೆ ಬೀಳುವ ಸೀಮೆ. ಮಳೆಯಾಶ್ರಿತ ಹೊಲಗಳ ಮುಖ್ಯ ಬೆಳೆ ಶೇಂಗಾ. ಆ ಶೇಂಗಾದಿಂದಲೇ ಚಳ್ಳಕೆರೆಯಲ್ಲಿ ಎಣ್ಣೆ ಮಿಲ್‌ಗಳು ಬೆಳೆದವು, ಊರಿಗೆ 'ತೈಲ ನಗರಿ' ಎಂಬ ಹೆಸರು ಬಂತು. ಎಣ್ಣೆ ವ್ಯಾಪಾರದ ಭರಾಟೆ ನೋಡಿ 'ಎರಡನೇ ಮುಂಬೈ' ಎಂದವರೂ ಉಂಟು.

ಇಲ್ಲಿ ಶೇಂಗಾ ಮಾರಿದವರಿಗೆ ಒಂದು ವಿಷಯ ಗೊತ್ತು. ಚೀಲ ಎಷ್ಟು ಉಬ್ಬಿದೆ ಎಂದು ಯಾರೂ ಬೆಲೆ ಕಟ್ಟುವುದಿಲ್ಲ. ಖರೀದಿದಾರ ಒಂದು ಹಿಡಿ ಕಾಯಿ ತೆಗೆದು ಸುಲಿಯುತ್ತಾನೆ, ಕಾಳು ಎಷ್ಟು ಬಂತು, ಜೊಳ್ಳು ಎಷ್ಟು, ತೇವ ಇದೆಯೇ ಎಂದು ನೋಡುತ್ತಾನೆ. ಆಮೇಲೆ ಕ್ವಿಂಟಲ್‌ಗೆ ಇಷ್ಟು ಎನ್ನುತ್ತಾನೆ.

ಮೊಳಕಾಲ್ಮೂರಿನ ರೇಷ್ಮೆ ನೇಕಾರರದ್ದೂ ಇದೇ ಬುದ್ಧಿ. ಇಲ್ಲಿನ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ರೇಷ್ಮೆ ನೂಲಿನ ದಪ್ಪವನ್ನು ಅಳೆಯುವ ಡೆನಿಯರ್ ಎಂದರೆ 9,000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ. ಇಷ್ಟಕ್ಕೆ ಎಷ್ಟು ಎಂದು ಕೇಳುವುದು ಇಲ್ಲಿನವರ ಕೈಕೆಲಸದಲ್ಲೇ ಇದೆ.

ಅಂಗಡಿಯಲ್ಲಿ ಮಾತ್ರ ನಾವು ಚೀಲ ನೋಡುತ್ತೇವೆ. ಪೌಚ್ 138 ರೂಪಾಯಿ, ಪಕ್ಕದ್ದು 150 ರೂಪಾಯಿ, ಹಾಗಾದರೆ 138ರದ್ದು ಅಗ್ಗ ಎಂದು ಎತ್ತಿಕೊಳ್ಳುತ್ತೇವೆ.

ಒಂದು ಲೀಟರ್ ಎಣ್ಣೆ ಒಂದು ಕೆಜಿ ತೂಗುವುದಿಲ್ಲ

ಎಣ್ಣೆ ನೀರಿಗಿಂತ ಹಗುರ. ಅದಕ್ಕೇ ಅದು ಸಾರಿನ ಮೇಲೆ ತೇಲುವುದು. ಒಂದು ಲೀಟರ್ ನೀರು ಸುಮಾರು ಒಂದು ಕೆಜಿ ತೂಗಿದರೆ, ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅಂಗಡಿಯಲ್ಲಿ ಕೆಲವು ಕಂಪನಿಗಳು ಲೀಟರ್ ಲೆಕ್ಕದಲ್ಲಿ, ಕೆಲವು ಕೆಜಿ ಲೆಕ್ಕದಲ್ಲಿ, ಮತ್ತೆ ಕೆಲವು 850 ಗ್ರಾಂ, 750 ಗ್ರಾಂ ಎಂದು ಎಣ್ಣೆ ಮಾರುತ್ತವೆ. ಮೂರನ್ನೂ ಹೋಲಿಸಬೇಕಾದರೆ ಎಲ್ಲವನ್ನೂ ಕೆಜಿಗೆ ತರಬೇಕು. ಕೆಳಗಿನ ಬೆಲೆಗಳು ಲೆಕ್ಕ ತೋರಿಸಲು ನಾವು ಹಾಕಿಕೊಂಡ ಉದಾಹರಣೆಗಳು.

- 850 ಗ್ರಾಂ ಪೌಚ್, 138 ರೂಪಾಯಿ: ಕೆಜಿಗೆ ಸುಮಾರು 162 ರೂಪಾಯಿ
- 1 ಲೀಟರ್ ಪೌಚ್ (910 ಗ್ರಾಂ), 150 ರೂಪಾಯಿ: ಕೆಜಿಗೆ ಸುಮಾರು 165 ರೂಪಾಯಿ
- 1 ಕೆಜಿ ಬಾಟಲಿ, 158 ರೂಪಾಯಿ: ಕೆಜಿಗೆ 158 ರೂಪಾಯಿ

ನೋಡಲು ಎಲ್ಲಕ್ಕಿಂತ ದುಬಾರಿಯಾಗಿ ಕಂಡ ಬಾಟಲಿಯೇ ಇಲ್ಲಿ ಎಲ್ಲಕ್ಕಿಂತ ಅಗ್ಗ. ಲೆಕ್ಕ ಸುಲಭ: ಬೆಲೆಯನ್ನು ಗ್ರಾಂನಿಂದ ಭಾಗಿಸಿ, 1,000ದಿಂದ ಗುಣಿಸಿ. ಫಾರ್ವರ್ಡ್ ಓದುವ ಫೋನಿನಲ್ಲೇ ಕ್ಯಾಲ್ಕುಲೇಟರ್ ಇದೆ.

60 ಡಿಗ್ರಿಯ ಲೀಟರ್

ಎಣ್ಣೆ ಬಿಸಿಯಾದರೆ ಹಿಗ್ಗುತ್ತದೆ. ಅದೇ ತೂಕದ ಎಣ್ಣೆ ಹೆಚ್ಚು ಜಾಗ ಹಿಡಿಯುತ್ತದೆ. ಅಂದರೆ ಬಿಸಿ ಎಣ್ಣೆಯನ್ನು ಅಳತೆಯಲ್ಲಿ ತುಂಬಿದರೆ ಲೀಟರ್ ಪೂರ್ತಿಯಾಗುತ್ತದೆ, ತೂಕ ಮಾತ್ರ ಕಡಿಮೆ ಇರುತ್ತದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸೋಯಾ ಎಣ್ಣೆಯ ಉದಾಹರಣೆ ಕೊಟ್ಟು ಇದನ್ನು ವಿವರಿಸಿತ್ತು. 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸೋಯಾ ಎಣ್ಣೆ 919.1 ಗ್ರಾಂ ತೂಗುತ್ತದೆ, 60 ಡಿಗ್ರಿಯಲ್ಲಿ 892.6 ಗ್ರಾಂ ಮಾತ್ರ.

ಕೆಲವು ಪ್ಯಾಕೆಟ್‌ಗಳಲ್ಲಿ ಪ್ರಮಾಣದ ಪಕ್ಕ 60 ಡಿಗ್ರಿಯಂಥ ತಾಪಮಾನ ಬರೆದಿರುತ್ತಿತ್ತು. ಚಳ್ಳಕೆರೆಯ ಬೇಸಿಗೆ ಎಷ್ಟೇ ಸುಟ್ಟರೂ ಅಡುಗೆಮನೆಯ ಕಪಾಟು 60 ಡಿಗ್ರಿ ಆಗುವುದಿಲ್ಲ. ಹಾಗಾಗಿ ತಾಪಮಾನ ಬರೆಯದೆ ಪ್ರಮಾಣವನ್ನು ನಮೂದಿಸಿ, ಜೊತೆಗೆ ತೂಕವನ್ನೂ ತಿಳಿಸಿ ಎಂದು ಇಲಾಖೆ ಎಣ್ಣೆ ಕಂಪನಿಗಳಿಗೆ ಹೇಳಿತು. ತಿದ್ದಿಕೊಳ್ಳಲು 2023ರ ಜನವರಿ 15ರವರೆಗೆ ಸಮಯ ಕೊಟ್ಟಿತು.

26 ಗ್ರಾಂ ವ್ಯತ್ಯಾಸ ದೊಡ್ಡದೇ? ತಿಂಗಳಿಗೆ ನಾಲ್ಕು ಲೀಟರ್ ಬಳಸುವ ಮನೆಗೆ ಇದು ವರ್ಷಕ್ಕೆ ಸುಮಾರು ಒಂದೂಕಾಲು ಕೆಜಿ ಎಣ್ಣೆ. ಪ್ಯಾಕೆಟ್ ಮೇಲೆ ಲೀಟರ್ ಮತ್ತು ಗ್ರಾಂ ಎರಡೂ ಇದ್ದಾಗ ಗ್ರಾಂ ಅನ್ನೇ ನಂಬಿ. ಬಿಸಿಲಿಗೂ ಚಳಿಗೂ ತೂಕ ಬದಲಾಗುವುದಿಲ್ಲ.

ನಿಮ್ಮ ಲೆಕ್ಕವನ್ನು ಪ್ಯಾಕೆಟ್ಟೇ ಮಾಡಿಟ್ಟಿದೆ

ಭಾಗಾಕಾರ ಬೇಡ ಎನ್ನುವವರಿಗೂ ದಾರಿ ಇದೆ. ಪ್ಯಾಕೆಟ್‌ನ ಮೇಲೆ ಎಂಆರ್‌ಪಿ ಹತ್ತಿರ 'ಯುಎಸ್‌ಪಿ' ಅಥವಾ 'ಯೂನಿಟ್ ಸೇಲ್ ಪ್ರೈಸ್' ಎಂದು ಇನ್ನೊಂದು ಬೆಲೆ ಇರುತ್ತದೆ. ಪ್ಯಾಕೆಟ್ ಪದಾರ್ಥಗಳ ಕಾನೂನು ಮಾಪನ ನಿಯಮಗಳ ಪ್ರಕಾರ 2024ರ ಜನವರಿಯಿಂದ ಇದನ್ನು ಮುದ್ರಿಸುವುದು ಕಡ್ಡಾಯ. ಇಷ್ಟಕ್ಕೆ ಎಷ್ಟು ಎಂಬ ಪ್ರಶ್ನೆಗೆ ಅಲ್ಲೇ ಉತ್ತರ ಇದೆ.

ಓದುವಾಗ ಒಂದು ವಿಷಯ ನೆನಪಿರಲಿ. ಒಂದು ಕೆಜಿಗಿಂತ ಕಡಿಮೆ ಇರುವ ಪ್ಯಾಕೆಟ್‌ನಲ್ಲಿ ಈ ಬೆಲೆ ಗ್ರಾಂ ಲೆಕ್ಕದಲ್ಲಿ ಇರುತ್ತದೆ, ಒಂದು ಕೆಜಿಗಿಂತ ಹೆಚ್ಚಿದ್ದರೆ ಕೆಜಿ ಲೆಕ್ಕದಲ್ಲಿ. ಒಂದರಲ್ಲಿ 0.16 ರೂಪಾಯಿ, ಇನ್ನೊಂದರಲ್ಲಿ 158 ರೂಪಾಯಿ ಎಂದಿದ್ದರೆ ಗಾಬರಿಯಾಗಬೇಡಿ. 0.16 ಅನ್ನು 1,000ದಿಂದ ಗುಣಿಸಿದರೆ ಕೆಜಿಗೆ 160 ರೂಪಾಯಿ. ಸರಿಯಾಗಿ ಒಂದು ಕೆಜಿ ಅಥವಾ ಒಂದು ಲೀಟರ್ ಪ್ಯಾಕೆಟ್‌ನಲ್ಲಿ ಎಂಆರ್‌ಪಿಯೇ ಆ ಬೆಲೆ ಆಗಿರುವುದರಿಂದ ಬೇರೆಯಾಗಿ ಹಾಕಬೇಕಿಲ್ಲ.

ಇನ್ನೊಂದು ಮಾತು. ಯುಎಸ್‌ಪಿಯನ್ನು ಲೆಕ್ಕ ಹಾಕುವುದು ಎಂಆರ್‌ಪಿ ಮೇಲೆ. ನಿಮ್ಮ ಅಂಗಡಿಯವರು ಎಂಆರ್‌ಪಿಗಿಂತ ಕಡಿಮೆಗೆ ಕೊಡುತ್ತಿದ್ದರೆ ಆ ಬೆಲೆಯಿಂದಲೇ ಲೆಕ್ಕ ಹಾಕಿ.

ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗವೇ?

ಬಹಳಷ್ಟು ಬಾರಿ ಹೌದು, ಯಾವಾಗಲೂ ಅಲ್ಲ. ಶಾಂಪೂ ಇದಕ್ಕೆ ಒಳ್ಳೆಯ ಉದಾಹರಣೆ. 1980ರ ದಶಕದಲ್ಲಿ ತಮಿಳುನಾಡಿನಲ್ಲಿ ಜನಪ್ರಿಯವಾದ ಶಾಂಪೂ ಸ್ಯಾಶೆ ಇಂದು ಪ್ರತಿ ಪೆಟ್ಟಿಗೆ ಅಂಗಡಿಯಲ್ಲೂ ಸರವಾಗಿ ನೇತಾಡುತ್ತದೆ. ಒಂದು, ಎರಡು ರೂಪಾಯಿಯ ಈ ಸ್ಯಾಶೆಗಳು ಕೆಲವೊಮ್ಮೆ ಮಿಲಿ ಲೆಕ್ಕದಲ್ಲಿ ಬಾಟಲಿಗಿಂತ ಅಗ್ಗವಾಗಿರುತ್ತವೆ. ಒಮ್ಮೆ ಲೆಕ್ಕ ಹಾಕಿ ನೋಡಿ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. "ಚಿಲ್ಲರೆ ಚಿಲ್ಲರೆ ಕೊಳ್ಳುವವರು ದುಡ್ಡು ಹಾಳು ಮಾಡುತ್ತಾರೆ" ಎಂದು ಬೈಯುವ ಫಾರ್ವರ್ಡ್‌ಗಳಿಗೆ ನಮ್ಮ ಒಪ್ಪಿಗೆ ಇಲ್ಲ. ಕೂಲಿ ದಿನಕ್ಕೆ ಬರುವ ಮನೆ, ಸೀರೆ ಮುಗಿದ ಮೇಲೆ ಮಜೂರಿ ಸಿಗುವ ಮನೆ, ಐದು ಲೀಟರ್ ಕ್ಯಾನಿಗೆ ಒಮ್ಮೆಲೇ ದುಡ್ಡು ಹಾಕಲು ಆಗುವುದಿಲ್ಲ. ಆ ಮನೆಯವರು ಪಾವು ಎಣ್ಣೆ ಕೊಳ್ಳುವುದು ಲೆಕ್ಕ ಬಾರದೆ ಅಲ್ಲ. ಕೈಯಲ್ಲಿ ಅವತ್ತು ಅಷ್ಟೇ ಇರುತ್ತದೆ. ಸಾಲ ಮಾಡಿ ದೊಡ್ಡ ಪ್ಯಾಕ್ ತಂದರೆ ಉಳಿತಾಯಕ್ಕಿಂತ ಬಡ್ಡಿಯೇ ಹೆಚ್ಚಾದೀತು.

ಇಂಥ ಮನೆಗಳಿಗೆ ಒಂದು ದಾರಿ ಇದೆ. ಪರಿಚಯದ ಎರಡು ಮೂರು ಮನೆಯವರು, ಅಥವಾ ಒಂದೇ ಸ್ವಸಹಾಯ ಸಂಘದ ಹೆಂಗಸರು, ಸೇರಿ ದೊಡ್ಡ ಪ್ಯಾಕ್ ಕೊಂಡು ತೂಕ ಮಾಡಿ ಹಂಚಿಕೊಳ್ಳಬಹುದು. ಬೇಳೆ, ಸಕ್ಕರೆ, ಸೋಪಿನ ಪುಡಿಯಂಥ ಕೆಡದ ವಸ್ತುಗಳಿಗೆ ಇದು ಚೆನ್ನಾಗಿ ಹೊಂದುತ್ತದೆ.

26 ಕೆಜಿ ಅಕ್ಕಿ ಮೂಟೆಯಲ್ಲಿ ಒಂದು ಕೆಜಿ ಫ್ರೀ ಇದೆಯೇ?

ಇಲ್ಲ. ಇದರ ಹಿಂದೆ ಇರುವುದು ತೆರಿಗೆ. 2022ರ ಜುಲೈ 18ರಿಂದ, ಮೊದಲೇ ತುಂಬಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿನಂಥ ಪದಾರ್ಥಗಳಿಗೆ ಶೇ 5 ಜಿಎಸ್‌ಟಿ ಬಂತು. ಆದರೆ ಅದು 25 ಕೆಜಿವರೆಗಿನ ಪ್ಯಾಕ್‌ಗಳಿಗೆ ಮಾತ್ರ. ಒಂದೇ ಚೀಲದಲ್ಲಿ 25 ಕೆಜಿಗಿಂತ ಹೆಚ್ಚು ಇದ್ದರೆ ಈ ತೆರಿಗೆ ಇಲ್ಲ. ಅದಾದ ಮೇಲೆಯೇ ನಮ್ಮ ಅಂಗಡಿಗಳಲ್ಲಿ 25ರ ಮೂಟೆಯ ಜಾಗಕ್ಕೆ 26ರ ಮೂಟೆ ಬಂದು ಕುಳಿತದ್ದು.

ಹಾಗಾದರೆ 26ರ ಮೂಟೆ ಲಾಭವೇ? ಆಗಬಹುದು. ಆ ಶೇ 5 ಉಳಿತಾಯ ನಿಮ್ಮ ಕೈಗೆ ಬಂತೋ ಇಲ್ಲವೋ ಎಂಬುದು ಕೆಜಿಯ ಬೆಲೆಯಿಂದ ಮಾತ್ರ ಗೊತ್ತಾಗುತ್ತದೆ. ಮೂಟೆಯ ಬೆಲೆಯನ್ನು 26ರಿಂದ ಭಾಗಿಸಿ, ಅದೇ ಅಕ್ಕಿಯ 10 ಕೆಜಿ ಚೀಲದ ಬೆಲೆಯನ್ನು 10ರಿಂದ ಭಾಗಿಸಿ. ಎರಡೂ ಒಂದೇ ಬಂದರೆ ಲಾಭ ಬೇರೆ ಯಾರಿಗೋ ಆಗಿದೆ. ಅಂಗಡಿಯವರು ನಿಮ್ಮ ಎದುರಿಗೇ ಗೋಣಿಯಿಂದ ತೂಗಿ ಕೊಡುವ ಸಡಿಲ ಅಕ್ಕಿ, ಬೇಳೆಗೂ ಈ ಜಿಎಸ್‌ಟಿ ಇಲ್ಲ ಎಂಬುದೂ ಗೊತ್ತಿರಲಿ.

ಅರ್ಧ ಬೆಲೆಯ ಗಾಣದೆಣ್ಣೆ: ಲೆಕ್ಕ ಕೂಡುತ್ತದೆಯೇ?

ಈಗ ಮೊದಲಿನ ಫಾರ್ವರ್ಡ್‌ಗೆ ಬರೋಣ. ಶುದ್ಧ ಶೇಂಗಾ ಎಣ್ಣೆಯನ್ನು ತೀರಾ ಅಗ್ಗಕ್ಕೆ ಕೊಡಲು ಸಾಧ್ಯವೇ ಎಂದು ತಿಳಿಯಲು ಲ್ಯಾಬ್ ಬೇಡ, ಮಂಡಿ ದರ ಸಾಕು.

ನೂರು ಕೆಜಿ ಒಳ್ಳೆಯ ಶೇಂಗಾ ಕಾಯಿ ಸುಲಿದರೆ ಹೆಚ್ಚೂಕಡಿಮೆ 65ರಿಂದ 70 ಕೆಜಿ ಕಾಳು ಸಿಗುತ್ತದೆ. ಕಾಳಿನ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆ ಇರುತ್ತದೆ, ಅರೆದಾಗ ಅದರಲ್ಲಿ ಒಂದಿಷ್ಟು ಹಿಂಡಿಯಲ್ಲೇ ಉಳಿಯುತ್ತದೆ. ಎಲ್ಲ ಕಳೆದು ಒಂದು ಕೆಜಿ ಎಣ್ಣೆಗೆ ಸುಮಾರು ಮೂರೂವರೆ ಕೆಜಿ ಕಾಯಿ ಬೇಕು ಎಂದು ಇಟ್ಟುಕೊಳ್ಳಿ. ಜೊತೆಗೆ ಒಂದೂಕಾಲು ಕೆಜಿಯಷ್ಟು ಹಿಂಡಿ ಸಿಗುತ್ತದೆ, ಅದನ್ನು ದನಕರುಗಳ ಮೇವಿಗೆ ಮಾರಬಹುದು.

ಕಾಯಿಯ ದರ ಕೆಜಿಗೆ 60 ರೂಪಾಯಿ, ಹಿಂಡಿ 40 ರೂಪಾಯಿ ಎಂದುಕೊಳ್ಳೋಣ. ಮೂರೂವರೆ ಕೆಜಿ ಕಾಯಿಗೆ 210 ರೂಪಾಯಿ. ಹಿಂಡಿಯ 50 ರೂಪಾಯಿ ಕಳೆದರೆ 160. ಇದು ಒಂದು ಕೆಜಿ ಎಣ್ಣೆಯ ಕಚ್ಚಾವಸ್ತುವಿನ ಖರ್ಚು, ಲೀಟರ್‌ಗೆ ತಂದರೆ ಸುಮಾರು 146 ರೂಪಾಯಿ. ಸುಲಿಯುವ ಕೂಲಿ, ಕರೆಂಟು, ಡಬ್ಬ, ಸಾಗಣೆ, ತೆರಿಗೆ, ಅಂಗಡಿಯವರ ಲಾಭ ಇನ್ನೂ ಸೇರಿಲ್ಲ. ಕಾಯಿಗೆ ಇಷ್ಟು ಬೆಲೆ ಇರುವ ದಿನ ಯಾರಾದರೂ "ಶುದ್ಧ ಗಾಣದ ಶೇಂಗಾ ಎಣ್ಣೆ ಲೀಟರ್‌ಗೆ 110" ಎಂದರೆ, ಉಳಿದ ದುಡ್ಡು ಎಲ್ಲಿಂದ ಬಂತು ಎಂದು ಕೇಳಬೇಕು. 2025-26ರ ಸಾಲಿಗೆ ಕೇಂದ್ರ ಸರ್ಕಾರ ಶೇಂಗಾಕ್ಕೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 7,263 ರೂಪಾಯಿ. ಆ ಬೆಲೆ ಹಾಕಿದರೆ ಲೆಕ್ಕ ಇನ್ನೂ ಮೇಲೆ ಹೋಗುತ್ತದೆ. ಮಂಡಿಯ ದರ ದಿನವೂ ಏರಿಳಿಯುವುದರಿಂದ ನೀವು ಕೊಳ್ಳುವ ದಿನದ ದರವನ್ನೇ ಹಾಕಿ.

ಅಗ್ಗದ ಎಣ್ಣೆ ಎಂದ ಮಾತ್ರಕ್ಕೆ ವಿಷ ಎಂದೇನಲ್ಲ. ಭಾರತ ತನಗೆ ಬೇಕಾದ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಆಮದು ಮಾಡಿಕೊಳ್ಳುತ್ತದೆ. ಅದರಲ್ಲಿ ತಾಳೆ ಎಣ್ಣೆಯ ಪಾಲು ದೊಡ್ಡದು, ಅದರ ಬೆಲೆ ಸಾಮಾನ್ಯವಾಗಿ ಶೇಂಗಾ ಎಣ್ಣೆಗಿಂತ ಕಡಿಮೆ. ತಾಳೆ ಎಣ್ಣೆಯನ್ನು ತಾಳೆ ಎಣ್ಣೆ ಎಂದೇ ತಿಳಿದು ಕೊಂಡರೆ ಅದರಲ್ಲಿ ಮೋಸ ಇಲ್ಲ. ಅದನ್ನೇ ಶೇಂಗಾ ಎಣ್ಣೆ ಎಂದು ಮಾರಿದರೆ ಮೋಸ. ಎರಡು ಎಣ್ಣೆಗಳ ಮಿಶ್ರಣವನ್ನು ಮಾರಲು ಅವಕಾಶವಿದೆ, ಆದರೆ ಅದು ಮಿಶ್ರಣ ಎಂದೂ, ಯಾವ ಎಣ್ಣೆ ಎಷ್ಟು ಎಂದೂ ಲೇಬಲ್ ಮೇಲೆ ಬರೆದಿರಬೇಕು. ಮುಂಭಾಗದ ಶೇಂಗಾ ಚಿತ್ರ ಬಿಟ್ಟು ಹಿಂಭಾಗದ ಪದಾರ್ಥಗಳ ಪಟ್ಟಿ ಓದಿ.

ಲೇಬಲ್ ಇಲ್ಲದ ಸಡಿಲ ಎಣ್ಣೆಯ ಬಗ್ಗೆ ಎಚ್ಚರ ಇರಲಿ. ಆಹಾರ ಸುರಕ್ಷತಾ ನಿಯಮಗಳು ಅದರ ಮಾರಾಟವನ್ನು ನಿರ್ಬಂಧಿಸಿವೆ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಆರ್ಜಿಮೋನ್ ಎಂಬ ಹಳದಿ ಹೂವಿನ ಮುಳ್ಳುಗಿಡದ ಎಣ್ಣೆ ಬೆರೆತು 60ಕ್ಕೂ ಹೆಚ್ಚು ಜನ ಸತ್ತಿದ್ದರು. ನಿಮ್ಮ ಹೊಲದ ಅಥವಾ ನೀವೇ ಕೊಂಡ ಶೇಂಗಾವನ್ನು ಮಿಲ್‌ಗೋ ಗಾಣಕ್ಕೋ ಒಯ್ದು ಎದುರಿಗೇ ಆಡಿಸಿಕೊಂಡು ಬರುವುದು ಬೇರೆ ವಿಷಯ. ಅಲ್ಲಿ ಏನು ಹಾಕಿದ್ದೀರಿ ಎಂದು ನಿಮಗೇ ಗೊತ್ತು. ಹಿಂಡಿ ವಾಪಸ್ ತರುವುದನ್ನು ಮಾತ್ರ ಮರೆಯಬೇಡಿ.

ಫ್ರಿಜ್ ಪರೀಕ್ಷೆ ನಂಬಬಹುದೇ?

ಶೇಂಗಾ ಎಣ್ಣೆಗೆ ಈ ಪರೀಕ್ಷೆ ಕೆಲಸ ಮಾಡುವುದಿಲ್ಲ. ಶುದ್ಧ ಶೇಂಗಾ ಎಣ್ಣೆಯಲ್ಲೇ ಉದ್ದ ಸರಪಳಿಯ ಸ್ಯಾಚುರೇಟೆಡ್ ಕೊಬ್ಬಿನಾಮ್ಲಗಳು ಸ್ವಲ್ಪ ಪ್ರಮಾಣದಲ್ಲಿ ಇರುತ್ತವೆ. ಚಳಿಯಲ್ಲಿ ಇವು ಮೊದಲು ಹೆಪ್ಪುಗಟ್ಟುತ್ತವೆ. ಹಾಗಾಗಿ ಫ್ರಿಜ್‌ನಲ್ಲಿಟ್ಟ ಅಸಲಿ ಶೇಂಗಾ ಎಣ್ಣೆಯೂ ಮಬ್ಬಾಗಿ ಮಂದವಾಗುತ್ತದೆ. ತಾಳೆ ಎಣ್ಣೆಯೂ ಗಟ್ಟಿಯಾಗುತ್ತದೆ. ಸೂರ್ಯಕಾಂತಿ ಎಣ್ಣೆ ತಿಳಿಯಾಗಿಯೇ ಇರುತ್ತದೆ. ಅಂದರೆ ಫಾರ್ವರ್ಡ್ ನಂಬಿದವರು ಒಳ್ಳೆಯ ಶೇಂಗಾ ಎಣ್ಣೆಯನ್ನು ಚೆಲ್ಲಿ, ಸೂರ್ಯಕಾಂತಿ ಎಣ್ಣೆ ಬೆರೆಸಿದ್ದನ್ನು ಅಸಲಿ ಎಂದುಕೊಳ್ಳುವ ಸಾಧ್ಯತೆ ಇದೆ. ದುಡ್ಡು ಉಳಿಸುವ ಬದಲು ಈ ಮೆಸೇಜು ದುಡ್ಡನ್ನು ಬಚ್ಚಲಿಗೆ ಸುರಿಸುತ್ತದೆ.

ತಕ್ಕಡಿಯ ಮೇಲೂ ಒಂದು ಕಣ್ಣು

ಕೆಜಿಯ ಬೆಲೆ ಸರಿಯಿದ್ದು ಕೆಜಿಯೇ ಸರಿಯಿಲ್ಲದಿದ್ದರೆ? ಸಂತೆಯಲ್ಲಿ ಈಗಲೂ ಸೇರು, ಪಾವಿನ ಅಳತೆ ನಡೆಯುತ್ತದೆ. ಕಾಳಿನ ಗಾತ್ರ ಬದಲಾದರೆ ಸೇರಿನ ತೂಕವೂ ಬದಲಾಗುತ್ತದೆ, ಆದ್ದರಿಂದ ಬೆಲೆ ಹೋಲಿಸುವಾಗ ತೂಕದಲ್ಲೇ ಕೇಳಿ. ಎಲೆಕ್ಟ್ರಾನಿಕ್ ತಕ್ಕಡಿಯಾದರೆ ವಸ್ತು ಇಡುವ ಮೊದಲು ಸೊನ್ನೆ ತೋರಿಸುತ್ತಿದೆಯೇ ನೋಡಿ. ಈ ತಕ್ಕಡಿಗಳನ್ನು ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ವರ್ಷಕ್ಕೊಮ್ಮೆ ಪರಿಶೀಲಿಸಿ ಮುದ್ರೆ ಹಾಕಿಸಬೇಕು.

ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. ಅದರ ಮೇಲೆ ಜಿಎಸ್‌ಟಿ ಎಂದೋ, ತಂಪು ಪಾನೀಯಕ್ಕೆ ಕೂಲಿಂಗ್ ಚಾರ್ಜ್ ಎಂದೋ ಅಂಗಡಿಯವರು ಹೆಚ್ಚು ಕೇಳುವಂತಿಲ್ಲ. ಕೇಳಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಕೂಪನ್ ಲಿಂಕ್ ಒತ್ತುವ ಮುನ್ನ

ದೊಡ್ಡ ಮಳಿಗೆಯ ವಾರ್ಷಿಕೋತ್ಸವ, ಹಬ್ಬದ ಉಡುಗೊರೆ, ಉಚಿತ ದಿನಸಿ ಕಿಟ್ ಎಂದು ಬರುವ ಲಿಂಕ್‌ಗಳು ಒಂದೇ ಅಚ್ಚಿನಲ್ಲಿ ಇರುತ್ತವೆ. ಮೊದಲು ನಾಲ್ಕು ಸುಲಭ ಪ್ರಶ್ನೆ, ಆಮೇಲೆ "ನೀವು ಗೆದ್ದಿದ್ದೀರಿ", ಆಮೇಲೆ "20 ಜನರಿಗೆ ಕಳಿಸಿ". ನಿಜವಾದ ರಿಯಾಯಿತಿ ಕೊಡುವ ಅಂಗಡಿಗೆ ನಿಮ್ಮ ಒಟಿಪಿಯೂ ಬೇಡ, ನಿಮ್ಮ 20 ಜನ ನೆಂಟರೂ ಬೇಡ. ಇಂಥ ಲಿಂಕ್‌ನಿಂದ ದುಡ್ಡು ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ, ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಒಟ್ಟಾರೆ ಹೇಳುವುದಾದರೆ

ಫಾರ್ವರ್ಡ್‌ಗಳು ನಮ್ಮ ಭಯದಿಂದಲೋ ಆಸೆಯಿಂದಲೋ ಹರಡುತ್ತವೆ. ಭಾಗಾಕಾರಕ್ಕೆ ಅವೆರಡೂ ಬೇಡ. ಬೇಸಿಗೆ, ಮಳೆ, ರೋಗ, ದರ ಎಲ್ಲವನ್ನೂ ಎದುರಿಸಿ ಬೆಳೆದ ಶೇಂಗಾವನ್ನು ರೈತರು ಮಂಡಿಯಲ್ಲಿ ಗ್ರಾಂ ಗ್ರಾಂ ಲೆಕ್ಕಕ್ಕೆ ಮಾರುತ್ತಾರೆ. ಆ ದುಡ್ಡನ್ನು ಅಂಗಡಿಯಲ್ಲಿ ಕೊಡುವಾಗಲೂ ಗ್ರಾಂ ಕೇಳುವ ಹಕ್ಕು ಅವರಿಗಿದೆ, ನಮಗೆಲ್ಲರಿಗೂ ಇದೆ.

ನೀವು ಹಂಚಲೇಬೇಕು ಎನ್ನುವುದಾದರೆ ಇದನ್ನು ಹಂಚಿ:

"ಎಣ್ಣೆ ಕೊಳ್ಳುವಾಗ ಲೀಟರ್ ಬಿಟ್ಟು ಗ್ರಾಂ ನೋಡಿ. ಎಂಆರ್‌ಪಿ ಪಕ್ಕದ ಯುಎಸ್‌ಪಿ ನೋಡಿ. 26ರ ಮೂಟೆಯಲ್ಲಿ ಫ್ರೀ ಏನಿಲ್ಲ, ಕೆಜಿಗೆ ಎಷ್ಟು ಎಂದು ಭಾಗಿಸಿ. ಶೇಂಗಾ ಎಣ್ಣೆ ಫ್ರಿಜ್‌ನಲ್ಲಿ ಮಬ್ಬಾದರೆ ಚೆಲ್ಲಬೇಡಿ. ಎಂಆರ್‌ಪಿಗಿಂತ ಹೆಚ್ಚು ಕೇಳಿದರೆ 1915."